ಸವೆದ ಪುಡಿ ಎಲ್ಲಿ ಹೋಯಿತು?

ಇತಿಹಾಸ ಬರೆಯುವವರು ಉಳಿದದ್ದನ್ನು ಲೆಕ್ಕ ಹಾಕುತ್ತಾರೆ; ಸವೆದುಹೋದದ್ದನ್ನು ಲೆಕ್ಕ ಹಾಕುವವರು ಕಡಿಮೆ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು ಎಂದು ಮಂಗಳೇಶನ ಶಾಸನ ಹೇಳುತ್ತದೆ. ಐಹೊಳೆಯ ಮೇಗುಟಿ ಗುಡಿ 634ರದು ಎಂದು ರವಿಕೀರ್ತಿಯ ಶಾಸನ ಹೇಳುತ್ತದೆ. ಕಟ್ಟಿಸಿದವರ ಹೆಸರು ಗೊತ್ತು, ವರ್ಷ ಗೊತ್ತು. ಆದರೆ ಈ ಸಾವಿರದ ನಾನೂರು ವರ್ಷಗಳಲ್ಲಿ ಗಾಳಿ ಮಳೆಗೆ, ಜನರ ಕಾಲ್ತುಳಿತಕ್ಕೆ ಎಷ್ಟು ಕಲ್ಲು ಪುಡಿಯಾಯಿತು, ಆ ಪುಡಿ ಎಲ್ಲಿಗೆ ಹೋಯಿತು ಎಂದು ಯಾವ ಶಾಸನವೂ ಹೇಳುವುದಿಲ್ಲ. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದ ನಾನೂ ತರಗತಿಯಲ್ಲಿ ಇದನ್ನು ಎತ್ತಿದವನಲ್ಲ. ಈ ಪ್ರಶ್ನೆ ನನ್ನ ಮುಂದೆ ಬಂದು ನಿಂತದ್ದು ನಮ್ಮಕ್ಕನ ಸೊಂಟದ ಕೀಲಿನಿಂದ.

ನಮ್ಮದು ಇಳಕಲ್ಲಿನ ನೇಕಾರರ ಮನೆತನ. ನಮ್ಮೂರಿಗೆ ಎರಡು ಕಸುಬುಗಳಿಂದ ಹೆಸರು ಬಂದಿದೆ. ಒಂದು ಸೀರೆ, ಇನ್ನೊಂದು ಕೆಂಪು ಕಲ್ಲು. ಸೀರೆ ಹಳೆಯದು; ಕಲ್ಲನ್ನು ಕೊಯ್ದು, ಕನ್ನಡಿಯಂತೆ ಹೊಳಪು ಕೊಟ್ಟು ಹೊರದೇಶಕ್ಕೆ ಕಳಿಸುವ ವ್ಯಾಪಾರ ನನ್ನ ಕಣ್ಣ ಮುಂದೆ ಬೆಳೆದದ್ದು. ಮಗ್ಗದ ಸದ್ದು ಮತ್ತು ಕಲ್ಲು ಕೊಯ್ಯುವ ಸದ್ದು ಎರಡನ್ನೂ ಕೇಳುತ್ತ ಬೆಳೆದವರಿಗೆ ಇವೆರಡಕ್ಕೂ ಏನಾದರೂ ಸಂಬಂಧವಿದೆ ಎಂದು ಅನ್ನಿಸುವುದಿಲ್ಲ. ಇದೆ ಎಂದು ನನಗೆ ತಿಳಿದದ್ದು ತೀರ ತಡವಾಗಿ. ಈ ಎರಡು ಕಸುಬುಗಳ ಸಾಮಾನು ಒಂದುಗೂಡಿ ಈಗ ನಮ್ಮಕ್ಕನ ತೊಡೆಯ ಮೂಲದಲ್ಲಿ ಕೂತಿದೆ.

ಸೊಂಟದ ಕೀಲು ಎಂದರೆ ಒಂದು ಗುಂಡು, ಒಂದು ಬಟ್ಟಲು. ತೊಡೆಯೆಲುಬಿನ ತುದಿ ಗುಂಡಾಗಿದೆ. ಸೊಂಟದ ಎಲುಬಿನಲ್ಲಿ ಅದಕ್ಕೆ ತಕ್ಕ ಬಟ್ಟಲಿದೆ. ನಮ್ಮ ಕಡೆಯ ಹಳೆಯ ಮನೆಗಳ ತಲಬಾಗಿಲು ನೋಡಿದವರಿಗೆ ಇದನ್ನು ಬೇಗ ತಿಳಿಸಬಹುದು. ಆ ಬಾಗಿಲುಗಳಿಗೆ ಕಬ್ಬಿಣದ ತಿರುಗಣಿ ಇರಲಿಲ್ಲ. ಬಾಗಿಲಿನ ಮೂಲೆಯ ಗೂಟ ಹೊಸ್ತಿಲ ಪಕ್ಕದ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಮೂರು ತಲೆಮಾರು ತೆರೆದು ಮುಚ್ಚಿದ ಮೇಲೆ ಕುಳಿ ಆಳವಾಗುತ್ತಿತ್ತು, ಗೂಟ ಸಣ್ಣಗಾಗುತ್ತಿತ್ತು, ಬಾಗಿಲು ಕಿರ್ ಎನ್ನುತ್ತಿತ್ತು. ಬಡಿಗನನ್ನು ಕರೆಸಿ ಗೂಟ ಬದಲಿಸಿದರೆ ಆಯಿತು. ಮನುಷ್ಯನ ಕೀಲು ಮಾತ್ರ ಬಾಗಿಲಿಗಿಂತ ಹೆಚ್ಚು ದುಡಿಯುತ್ತದೆ. ಒಂದು ಕಾಲು ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆಜ್ಜೆ ಇಡುತ್ತದೆ ಎಂಬುದು ಕೃತಕ ಕೀಲು ಪರೀಕ್ಷಿಸುವವರು ಇಟ್ಟುಕೊಂಡಿರುವ ಲೆಕ್ಕ.

2011ರ ಹೊತ್ತಿಗೆ ನಮ್ಮಕ್ಕನಿಗೆ ಅರವತ್ತೊಂದು. ಹನ್ನೆರಡನೆಯ ವಯಸ್ಸಿನಿಂದ ಕುಣಿಮಗ್ಗದಲ್ಲಿ ಕೂತವಳು. ರಕ್ತ ಸಾಲದೆ ಅವಳ ತೊಡೆಯೆಲುಬಿನ ಗುಂಡು ಒಳಗೇ ಸತ್ತು ಚಪ್ಪಟೆಯಾಗಿತ್ತು. ನಾನು ಚಿಕ್ಕವನಿದ್ದಾಗ ಇಂಥ ಕಷ್ಟಕ್ಕೆ ನಮ್ಮ ಕಡೆಯವರು ಮಿರಜಿಗೋ ಸೊಲ್ಲಾಪುರಕ್ಕೋ ಹೋಗಬೇಕಾಗಿತ್ತು. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಯಿತು, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಹೋಗಿ ನವನಗರ ಎದ್ದಿತು, 2002ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಬಂತು. ಹೀಗಾಗಿ ಅಕ್ಕನನ್ನು ಬಾಗಲಕೋಟೆಗೇ ಕರೆದೊಯ್ದೆ. ಅಲ್ಲಿನ ವೈದ್ಯರು ನಮ್ಮ ಕಡೆಯವರೇ. ಮೇಜಿನ ಮೇಲೆ ಎರಡು ಮಾದರಿ ಇಟ್ಟರು. ಒಂದು ಹೊಳೆಯುವ ಲೋಹದ ಗುಂಡು, ಇನ್ನೊಂದು ನಸುಗೆಂಪು ಬಣ್ಣದ ಪಿಂಗಾಣಿಯಂಥ ಗುಂಡು. ಎರಡಕ್ಕೂ ಬಿಳಿಯ ಪ್ಲಾಸ್ಟಿಕ್ಕಿನ ಒಂದೇ ಬಟ್ಟಲು.

ಅಕ್ಕ ಕೆಂಪು ಗುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದಳು. "ಇದು ನಮ್ಮೂರ ಕಲ್ಲಿನ ಬಣ್ಣನ ಅದ. ಖರೆ, ಮನ್ಯಾಗಿನ ಚಾದ ಬಸಿ ಕೈ ಜಾರಿ ಬಿದ್ರ ಚೂರು ಚೂರು ಆಗ್ತದ. ಅಂಥಾದ್ದು ತೊಡ್ಯಾಗ ಇಡ್ತೀರೇನ್ರೀ ಡಾಕ್ಟರ್?" ಎಂದಳು.

"ಅವ್ವಾರ, ಒಡಿಯೂದು ಬ್ಯಾರೆ, ಸವಿಯೂದು ಬ್ಯಾರೆ. ಇದು ಚಾದ ಬಸಿ ಅಲ್ಲರೀ, ಸಾಣಿಕಲ್ಲಿನ ಜಾತಿ" ಎಂದರು ವೈದ್ಯರು.

ಆ ಮಾತು ನನ್ನನ್ನು ಪುಸ್ತಕಗಳ ಕಡೆಗೆ ಅಟ್ಟಿತು. ಆ ಗುಂಡಿನ ಮುಖ್ಯ ದ್ರವ್ಯ ಅಲ್ಯುಮಿನಾ. ನೆಲದಲ್ಲಿ ಹರಳಾಗಿ ಸಿಕ್ಕಾಗ ಇದಕ್ಕೆ ಇಂಗ್ಲಿಷಿನವರು ಕೊರಂಡಮ್ ಎನ್ನುತ್ತಾರೆ. ಆ ಹೆಸರು ಹೋದದ್ದು ನಮ್ಮ ದಕ್ಷಿಣದಿಂದಲೇ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಅದರ ಮೂಲ. ಹಳೆಯ ಮೈಸೂರು ಸೀಮೆಯಲ್ಲಿ ಅದು ಸಿಗುತ್ತಿತ್ತು. ಅದನ್ನು ಪುಡಿ ಮಾಡಿ, ಅರಗಿನಲ್ಲಿ ಕಲಸಿ, ಚಕ್ರ ಮಾಡಿ ರತ್ನಗಳನ್ನು ಸಾಣೆ ಹಿಡಿಯುತ್ತಿದ್ದರು. ವಜ್ರದ ಗಡಸುತನವನ್ನು ಹತ್ತು ಎಂದಿಟ್ಟುಕೊಂಡರೆ ಕುರುವಿಂದದ್ದು ಒಂಬತ್ತು. ಬಾದಾಮಿಯ ಮರಳುಗಲ್ಲಿನ ಕಣವಾದ ಬೆಣಚುಕಲ್ಲಿನದು ಏಳು. ಮಾಣಿಕ್ಯವೂ ಇದೇ ಕುರುವಿಂದವೇ. ಅದರಲ್ಲಿ ಸೇರಿದ ಚೂರು ಕ್ರೋಮಿಯಂ ಅದಕ್ಕೆ ಕೆಂಪು ಕೊಡುತ್ತದೆ. ಅಕ್ಕ ಕೈಯಲ್ಲಿ ಹಿಡಿದ ಗುಂಡು ಕೆಂಪಾದದ್ದೂ ಅದೇ ಕ್ರೋಮಿಯಂನಿಂದ.

ಗುಂಡಿನ ಕಥೆಗೆ ಬರುವ ಮೊದಲು ಬಟ್ಟಲಿನ ಕಥೆ ಹೇಳಬೇಕು. ಅದು ಮಗ್ಗದ ಕಥೆ. ಲ್ಯಾಂಕಾಷೈರ್ ಎಂಬ ಹೆಸರು ನಮ್ಮ ನೇಕಾರರಿಗೆ ಹಿತವಾದದ್ದಲ್ಲ. ಅಲ್ಲಿನ ಗಿರಣಿ ಬಟ್ಟೆ ಬಂದು ಈ ದೇಶದ ಎಷ್ಟೋ ಮಗ್ಗಗಳು ಮೂಲೆ ಸೇರಿದವು. ಅದೇ ಸೀಮೆಯ ರೈಟಿಂಗ್ಟನ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯ ಕೃತಕ ಕೀಲು ಮಾಡಲು ಹೊರಟ. 1958ರಿಂದ ಆತ ಉಕ್ಕಿನ ಗುಂಡಿಗೆ ಟೆಫ್ಲಾನ್ ಬಟ್ಟಲು ಜೋಡಿಸಿ ಸುಮಾರು ಮುನ್ನೂರು ಜನರಿಗೆ ಹಾಕಿದ. ಟೆಫ್ಲಾನ್ ಎಂದರೆ ಇಂದಿನ ಅಂಟದ ದೋಸೆಕಾವಲಿಗೆ ಬಳಿಯುವ ವಸ್ತು, ಬಲು ನುಣುಪು. ರೋಗಿಗಳು ಎದ್ದು ನಡೆದರು. ಆದರೆ ಎರಡು ಮೂರು ವರ್ಷಗಳಲ್ಲಿ ಬಟ್ಟಲುಗಳು ಸವೆದು ತೂತಾಗತೊಡಗಿದವು. ಅದಕ್ಕಿಂತ ಕೆಟ್ಟದ್ದೆಂದರೆ, ಸವೆದ ಪುಡಿಯ ಸುತ್ತ ಮೈಯೊಳಗೆ ಗಂಟು ಕಟ್ಟಿ ಎಲುಬು ಕರಗುತ್ತಿತ್ತು. ಚಾರ್ನ್ಲಿ ಆ ಪುಡಿಯ ದೋಷವೇನೆಂದು ನೋಡಲು ತನ್ನದೇ ತೊಡೆಯ ಚರ್ಮದಡಿ ಅದನ್ನು ಹಾಕಿಕೊಂಡ. ಹಾಕಿದ ಕೀಲುಗಳನ್ನು ಒಂದೊಂದಾಗಿ ತೆಗೆಯಬೇಕಾದ ಆ ದಿನಗಳಲ್ಲಿ, 1962ರಲ್ಲಿ, ಒಬ್ಬ ಮಾರಾಟಗಾರ ಆಸ್ಪತ್ರೆಯ ಕಾರ್ಯಾಗಾರಕ್ಕೆ ಬಂದ. ಲ್ಯಾಂಕಾಷೈರಿನ ಮಗ್ಗಗಳ ಹಲ್ಲುಗಾಲಿಗಳಿಗೆಂದು ಜರ್ಮನಿಯಲ್ಲಿ ಮಾಡಿದ ಗಟ್ಟಿ ಪಾಲಿಥೀನ್ ಅವನ ಬಳಿ ಇತ್ತು. ಚಾರ್ನ್ಲಿಗೆ ಅದು ಹಿಡಿಸಲಿಲ್ಲ. ಕಾರ್ಯಾಗಾರದ ಹ್ಯಾರಿ ಕ್ರೇವನ್ ಮಾತ್ರ ಒಂದು ತುಂಡನ್ನು ಸವೆತ ಅಳೆಯುವ ಯಂತ್ರಕ್ಕೆ ಕಟ್ಟಿ ಹಗಲೂ ರಾತ್ರಿ ಓಡಿಸಿದ. ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಇದು ಮೂರು ವಾರದಲ್ಲೂ ಸವೆಯಲಿಲ್ಲ. ಅದೇ ವರ್ಷದ ನವೆಂಬರದಲ್ಲಿ ಆ ಪಾಲಿಥೀನ್ ಬಟ್ಟಲು ರೋಗಿಯ ಮೈ ಸೇರಿತು.

ಮಗ್ಗ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಗ್ಗದಷ್ಟು ಒಂದೇ ಏಟನ್ನು ಮತ್ತೆ ಮತ್ತೆ ತಾಳಬೇಕಾದ ಯಂತ್ರ ಬೇರೆ ಯಾವುದಿದೆ? ಲಾಳಿಗೆ ಹೊಡೆತ ಕೊಡುವ ಪಿಕ್ಕರ್ ಹಿಂದೆ ಎಮ್ಮೆಯ ತೊಗಲಿನದು; ವಿದ್ಯುತ್ ಮಗ್ಗಗಳಲ್ಲಿ ಮುಂದೆ ಆ ಜಾಗಕ್ಕೂ ಇಂಥ ಪ್ಲಾಸ್ಟಿಕ್ಕೇ ಬಂತು. ಏಟು ತಿಂದೂ ಉಳಿಯುವ ವಸ್ತುವನ್ನು ನೇಕಾರರು ಹುಡುಕಿಟ್ಟಿದ್ದರು. ವೈದ್ಯರು ಬಂದು ಎರವಲು ಪಡೆದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಸ ಬಟ್ಟಲೂ ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಸವೆಯುತ್ತಿತ್ತು. ಕೇಳಲು ಸ್ವಲ್ಪ. ಹದಿನೈದಿಪ್ಪತ್ತು ವರ್ಷಕ್ಕೂ ಬಟ್ಟಲು ತೂತಾಗುವುದಿಲ್ಲ. ತೊಂದರೆ ಬಂದದ್ದು ಉಳಿದ ಬಟ್ಟಲಿನಿಂದಲ್ಲ, ಹೋದ ಪುಡಿಯಿಂದ. ಒಂದೊಂದು ಹೆಜ್ಜೆಗೂ ಲಕ್ಷಗಟ್ಟಲೆ ಕಣಗಳು ಉದುರುತ್ತವೆ. ಬಹುಪಾಲು ಕಣಗಳು ಒಂದು ಮೈಕ್ರಾನಿಗಿಂತ ಚಿಕ್ಕವು. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನು. ನಮ್ಮ ಮೈಯಲ್ಲಿ ಕಸ ನುಂಗುವ ಕಣಗಳಿವೆ. ಹೊರಗಿನದೇನೇ ಬಂದರೂ ನುಂಗಿ ಕರಗಿಸುವುದು ಅವುಗಳ ಕೆಲಸ. ಅವು ಈ ಪುಡಿಯನ್ನೂ ನುಂಗುತ್ತವೆ. ಪಾಲಿಥೀನ್ ಕರಗುವುದಿಲ್ಲ. ಅವು ಕೆರಳಿ ಹೊರಸೂಸುವ ರಸಗಳು ಎಲುಬು ತಿನ್ನುವ ಜೀವಕೋಶಗಳನ್ನು ಎಬ್ಬಿಸುತ್ತವೆ. ಕೊನೆಗೆ ಕೀಲು ಚೆನ್ನಾಗಿಯೇ ಇರುತ್ತದೆ, ಅದನ್ನು ಹಿಡಿದ ಎಲುಬು ಹೋಗಿರುತ್ತದೆ. ಬಹಳ ವರ್ಷ ವೈದ್ಯರು ಇದನ್ನು ಕೀಲು ಕೂಡಿಸುವ ಸಿಮೆಂಟಿನ ರೋಗ ಎಂದುಕೊಂಡಿದ್ದರು. ಸಿಮೆಂಟೇ ಇಲ್ಲದೆ ಕೂಡಿಸಿದ ಕೀಲುಗಳ ಸುತ್ತಲೂ ಎಲುಬು ಕರಗಿದ ಮೇಲೆ ದೋಷ ಪುಡಿಯದೆಂದು ಒಪ್ಪಿದರು.

ಇನ್ನು ಕಲ್ಲಿನ ದಾರಿ. ಫ್ರಾನ್ಸಿನ ಪೊ ಎಂಬ ಊರಿನ ಪಿಯರ್ ಬೂತಾನ್ 1970ರಲ್ಲಿ ಗುಂಡು, ಬಟ್ಟಲು ಎರಡನ್ನೂ ಅಲ್ಯುಮಿನಾದಿಂದ ಮಾಡಿ ಕೂಡಿಸಿದ. ಅಲ್ಯುಮಿನಾದ ನುಣ್ಣನೆಯ ಪುಡಿಯನ್ನು ಒತ್ತಿ, ಸಾವಿರದ ಐನೂರು ಡಿಗ್ರಿಗೂ ಹೆಚ್ಚಿನ ಕಾವಿನಲ್ಲಿ ಸುಟ್ಟರೆ ಕಣಕಣ ಬೆಸೆದು ಕಲ್ಲಾಗುತ್ತದೆ. ಬಾದಾಮಿಯ ಬೆಟ್ಟವೂ ಕಣ ಸೇರಿ ಆದದ್ದೇ. ಅಲ್ಲಿ ಕಣಗಳ ನಡುವೆ ಸಂದು ಉಳಿದಿದೆ, ಅದಕ್ಕೇ ಉಳಿಗೆ ಬಗ್ಗಿತು, ಮಳೆಗೂ ಬಗ್ಗುತ್ತದೆ. ಇಲ್ಲಿ ಸಂದಿಲ್ಲ. ಇಂಥ ಎರಡು ಮೈಗಳು ಕೂಡಿ ತಿರುಗಿದರೆ ವರ್ಷಕ್ಕೆ ಕೆಲವೇ ಮೈಕ್ರಾನ್ ಸವೆತ, ಎಂದರೆ ಹಳೆಯ ಪಾಲಿಥೀನಿನ ಹತ್ತಾರನೆಯ ಒಂದು ಪಾಲು. ಉದುರಿದ ಅಷ್ಟು ಪುಡಿಯೂ ಮೈಯನ್ನು ಅಷ್ಟಾಗಿ ಕೆರಳಿಸುವುದಿಲ್ಲ. ಮೊದಲ ದಿನಗಳಲ್ಲಿ ಸವೆತ ಸ್ವಲ್ಪ ಹೆಚ್ಚು, ಆಮೇಲೆ ಎರಡೂ ಮೈ ಹೊಂದಿಕೊಂಡು ಕಡಿಮೆಯಾಗುತ್ತದೆ. ನಮ್ಮ ಹೆಂಗಸರು ಇದನ್ನು ಎಂದೋ ಬಲ್ಲರು. ಬೀಸುವ ಕಲ್ಲಿಗೆ ಹೊಸದಾಗಿ ಉಳಿ ಹೊಡೆಸಿದ ಮೇಲೆ ಮೊದಲ ಹಿಟ್ಟನ್ನು ರೊಟ್ಟಿಗೆ ಬಳಸುತ್ತಿರಲಿಲ್ಲ. ಅದು ಕಲ್ಲು ಕಲ್ಲು.

ಅಕ್ಕನ ಸಂಶಯವೂ ಸುಳ್ಳಲ್ಲ. ಇಂಥ ವಸ್ತು ಬಾಗುವುದಿಲ್ಲ, ತಗ್ಗು ಬೀಳುವುದಿಲ್ಲ. ತಾಳುವಷ್ಟು ತಾಳಿ ಒಮ್ಮೆಲೆ ಒಡೆಯುತ್ತದೆ. ಬಂಡೆ ಒಡೆಯುವವರು ಸಾಲಾಗಿ ಚಿಕ್ಕ ಗುಂಡಿ ಹೊಡೆದು ಬೆಣೆ ಇಟ್ಟು ಬಡಿಯುತ್ತಾರೆ. ಬಿರುಕು ಆ ಸಾಲು ಹಿಡಿದು ಓಡುತ್ತದೆ. ಕಣ್ಣಿಗೆ ಕಾಣದ ಒಂದು ಗೀರು ಸಾಕು ಎಂಬುದು ಅವರಿಗೆ ಗೊತ್ತಿದ್ದ ವಿದ್ಯೆ. 1970ರ ದಶಕದ ಗುಂಡುಗಳಲ್ಲಿ ಕಣಗಳು ದಪ್ಪವಿದ್ದವು, ಹೆಚ್ಚು ಒಡೆದವು. ಆಮೇಲೆ ಕಣ ಸಣ್ಣದು ಮಾಡಿದರು. ಮೇಲೆ ಕೊರೆದು ಗುರುತು ಹಾಕುವುದನ್ನು ಬಿಟ್ಟು ಲೇಸರಿನಿಂದ ಬರೆದರು. ಪ್ರತಿಯೊಂದು ಗುಂಡಿಗೂ ಭಾರ ಹಾಕಿ ನೋಡಿಯೇ ಹೊರಗೆ ಬಿಟ್ಟರು. ಬಿರುಕು ಓಡದಂತೆ ಜಿರ್ಕೋನಿಯಾ ಎಂಬ ಇನ್ನೊಂದು ವಸ್ತುವಿನ ಕಣ ಬೆರೆಸಿದರು. ಬಿರುಕಿನ ತುದಿ ತಗುಲಿದರೆ ಆ ಕಣ ಉಬ್ಬಿ ಬಿರುಕನ್ನು ಅಲ್ಲೇ ಒತ್ತಿಹಿಡಿಯುತ್ತದೆ. ಅಕ್ಕನದು ಈ ಬಗೆಯ ಬೆರಕೆ.

ಬರೀ ಜಿರ್ಕೋನಿಯಾದಿಂದಲೇ ಗುಂಡು ಮಾಡಿದವರೂ ಇದ್ದರು. 1985ರಿಂದ ಹದಿಮೂರು ವರ್ಷ ಅವು ಚೆನ್ನಾಗಿಯೇ ನಡೆದವು. 1998ರಲ್ಲಿ ಫ್ರಾನ್ಸಿನ ಒಂದು ಕಂಪನಿ ಸುಡುವ ಒಲೆಯನ್ನು ಬದಲಿಸಿತು. ಒಂದೊಂದು ಕಂತಿನ ಬದಲು ಸುರಂಗದಂಥ ಒಲೆಯಲ್ಲಿ ಸಾಲಾಗಿ ಸುಡತೊಡಗಿತು. ಆ ಕಂತುಗಳ ಗುಂಡುಗಳು ರೋಗಿಗಳ ಮೈಯೊಳಗೆ ಒಡೆಯತೊಡಗಿದವು. 2001ರಲ್ಲಿ ಎಲ್ಲವನ್ನೂ ಹಿಂದಕ್ಕೆ ಕರೆಸಿಕೊಂಡರು. ಕುಂಬಾರನಿಗೆ ಇದು ಹೊಸ ಪಾಠವಲ್ಲ. ಮಣ್ಣು ಅದೇ ಆದರೂ ಆವಿಗೆ ಬದಲಾದರೆ ಮಡಕೆ ಬದಲಾಗುತ್ತದೆ.

ಗುಂಡು, ಬಟ್ಟಲು ಎರಡೂ ಲೋಹದ್ದಾದರೆ ಒಡೆಯುವ ಭಯವಿಲ್ಲ ಎಂದು ಹೊರಟವರ ಕಥೆ ಇನ್ನೂ ದೊಡ್ಡದು. ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲನ್ನು 2010ರ ಆಗಸ್ಟಿನಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಕೋಬಾಲ್ಟ್, ಕ್ರೋಮಿಯಂ ಲೋಹಗಳ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿ, ರಕ್ತಕ್ಕೂ ಸೇರುತ್ತಿತ್ತು. ನಮ್ಮ ದೇಶದಲ್ಲಿಯೇ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಿದ್ದರು. ಪರಿಹಾರದ ಲೆಕ್ಕ ಕೇಂದ್ರ ಸರಕಾರದಲ್ಲಿ ನಿಶ್ಚಯವಾಗುವ ಹೊತ್ತಿಗೆ 2018 ಆಗಿತ್ತು. ಇಲ್ಲಿಯೂ ಒಡೆದದ್ದೇನಿಲ್ಲ; ಎಲ್ಲ ಪುಡಿಯದೇ ಕೆಲಸ.

ಈ ಅರವತ್ತು ವರ್ಷದ ಕಥೆಯನ್ನು ಓದಿದಾಗ ನನಗೆ ಕಂಡದ್ದು ಇಷ್ಟು. 'ಎಷ್ಟು ಗಟ್ಟಿ?' ಎಂದು ಕೇಳಿದಾಗ ವೈದ್ಯರು ಮೋಸ ಹೋದರು. 'ಪುಡಿ ಎಷ್ಟು, ಅದು ಎಲ್ಲಿ ಹೋಗುತ್ತದೆ?' ಎಂದು ಕೇಳಿದಾಗ ದಾರಿ ಸಿಕ್ಕಿತು. 1990ರ ದಶಕದ ಕೊನೆಗೆ ಪಾಲಿಥೀನಿಗೆ ವಿಕಿರಣ ಹಾಯಿಸಿ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆಯುವುದನ್ನು ಕಲಿತರು. ಬಿಡಿ ನೂಲಿಗೂ ನೇಯ್ದ ಬಟ್ಟೆಗೂ ಇರುವ ಅಂತರವೇ ಇದು. ಅದರ ಸವೆತ ಮೊದಲಿನದಕ್ಕಿಂತ ಬಹಳ ಕಡಿಮೆ. ಕಲ್ಲಿಗೆ ಕಲ್ಲು ಕೂಡಿಸಿದ ಕೀಲು ಕೆಲವರಲ್ಲಿ ನಡೆಯುವಾಗ ನಮ್ಮ ತಲಬಾಗಿಲಿನಂತೆ ಕಿರ್ ಎನ್ನುವುದೂ ಉಂಟು. ಹೀಗಾಗಿ ಸೆರಾಮಿಕ್ ಗುಂಡು, ಹೆಣೆದ ಪಾಲಿಥೀನ್ ಬಟ್ಟಲು ಎಂಬ ಜೋಡಿ ಈಗ ಬಹಳ ಕಡೆ ನಡೆದಿದೆ. ಅಕ್ಕ ಆರಿಸಿಕೊಂಡದ್ದೂ ಅದನ್ನೇ. ಅವಳು ಮತ್ತೆ ಕುಣಿಮಗ್ಗಕ್ಕೆ ಇಳಿಯಲಿಲ್ಲ. ಕುಕ್ಕರಗಾಲಲ್ಲಿ ಕೂರಬೇಡಿ, ಚಕ್ಕಳಮಕ್ಕಳ ಹಾಕಬೇಡಿ ಎಂದು ವೈದ್ಯರು ಹೇಳಿದ್ದರು. ಕುರ್ಚಿಯ ಮೇಲೆ ಕೂತು ಕಂಡಿಕೆ ಸುತ್ತುತ್ತಾಳೆ. ಓಣಿಯ ಕೊನೆಯ ಗುಡಿಗೆ ನಡೆದು ಹೋಗಿ ಬರುತ್ತಾಳೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸುಖದ ಕಥೆ. ಆದರೆ ಪುಡಿಯ ಬಗ್ಗೆ ಓದತೊಡಗಿದವನಿಗೆ ನಮ್ಮೂರಿನ ಇನ್ನೊಂದು ಕಸುಬಿನ ಲೆಕ್ಕ ಬಿಟ್ಟು ಹೋಗಲು ಬರುವುದಿಲ್ಲ. ನಮ್ಮ ಚಿಕ್ಕಪ್ಪನ ಮಗ ಮಗ್ಗ ಬಿಟ್ಟು ಕಲ್ಲಿನ ಕೆಲಸಕ್ಕೆ ಹೋದವನು. ಮಗ್ಗಕ್ಕಿಂತ ಕೂಲಿ ಹೆಚ್ಚು ಸಿಗುತ್ತಿತ್ತು. ಕಲ್ಲಿಗೆ ತೂತು ಹೊಡೆಯುವುದು, ಅಂಚು ಉಜ್ಜುವುದು ಅವನ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ ಬೆಳ್ಳಗಿರುತ್ತಿದ್ದವು. ಹುಡುಗರು 'ಮುದುಕ ಬಂದ' ಎಂದು ನಗುತ್ತಿದ್ದರು. ನಲವತ್ತರ ಹೊತ್ತಿಗೆ ಕೆಮ್ಮು ಹಿಡಿಯಿತು. ಕ್ಷಯ ಎಂದು ಎರಡು ಸಲ ಔಷಧ ತೆಗೆದುಕೊಂಡ. ಕೊನೆಯ ವರ್ಷ ಮನೆಯ ಕಟ್ಟೆ ಹತ್ತಲು ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ನಲವತ್ತೇಳಕ್ಕೆ ತೀರಿಕೊಂಡ.

ಗ್ರಾನೈಟಿನಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೆಣಚುಕಲ್ಲಿರುತ್ತದೆ. ಅದರ ಪುಡಿಯಲ್ಲಿ ಐದು ಮೈಕ್ರಾನಿಗಿಂತ ಚಿಕ್ಕ ಕಣಗಳು ಪುಪ್ಪುಸದ ತಳಕ್ಕೆ ಇಳಿಯುತ್ತವೆ. ಅಲ್ಲಿ ಅವನ್ನು ನುಂಗಲು ಬರುವುದು ಅದೇ ಕಸ ನುಂಗುವ ಕಣಗಳ ಕುಲ. ಪಾಲಿಥೀನ್ ಪುಡಿಯನ್ನು ನುಂಗಿ ಸೋತವುಗಳ ದಾಯಾದಿಗಳು. ಇಲ್ಲಿಯೂ ಕರಗಿಸಲಾರದೆ ಸಾಯುತ್ತವೆ, ಸಾಯುತ್ತ ಕೆರಳುತ್ತವೆ. ಅಲ್ಲಿ ಎಲುಬು ಕರಗಿತು. ಇಲ್ಲಿ ಪುಪ್ಪುಸ ಗಂಟುಗಟ್ಟಿ ಬಿಗಿಯುತ್ತದೆ. ಇದರ ಹೆಸರು ಸಿಲಿಕೋಸಿಸ್. ಮದ್ದಿಲ್ಲ. ಈ ರೋಗವಿದ್ದವರಿಗೆ ಕ್ಷಯ ಅಂಟುವುದೂ ಹೆಚ್ಚು. ಹಾಗಾಗಿ ಎಷ್ಟೋ ಸಲ ಕ್ಷಯದ ಹೆಸರಷ್ಟೇ ಚೀಟಿಯ ಮೇಲೆ ಉಳಿಯುತ್ತದೆ. 1948ರ ಕಾರ್ಖಾನೆ ಕಾಯಿದೆಯಲ್ಲಿ ಇದು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ನಮ್ಮ ತಮ್ಮನ ಯಾವ ಚೀಟಿಯಲ್ಲೂ ಆ ಪದವಿರಲಿಲ್ಲ.

ಸ್ವೀಡನ್ ದೇಶ 1979ರಿಂದ ಸೊಂಟದ ಕೃತಕ ಕೀಲುಗಳ ಲೆಕ್ಕ ಬರೆದಿಟ್ಟಿದೆ. ಯಾವ ಕೀಲು, ಯಾವ ವರ್ಷ ಕೂಡಿಸಿದ್ದು, ಎಂದು ತೆಗೆದದ್ದು, ಏಕೆ ತೆಗೆದದ್ದು ಎಂದು ಅಲ್ಲಿ ನೋಡಬಹುದು. ಕೆಟ್ಟ ಕೀಲುಗಳು ಬೇಗ ಸಿಕ್ಕಿಬೀಳುವುದು ಇಂಥ ದಫ್ತರಗಳಿಂದ. ಕೀಲಿನ ಪುಡಿಯ ಬೆನ್ನು ಹತ್ತಿದಷ್ಟೇ ಶ್ರದ್ಧೆಯಿಂದ ಕಲ್ಲಿನ ಪುಡಿಯ ಬೆನ್ನು ಹತ್ತಿದ್ದರೆ ನಮ್ಮ ಓಣಿಯಲ್ಲಿ ಇನ್ನೂ ಕೆಲವರು ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಇದಕ್ಕೆ ಹೊಸ ವಸ್ತು ಕಂಡುಹಿಡಿಯಬೇಕಾಗಿಲ್ಲ, ಪರದೇಶದಿಂದ ಏನೂ ತರಿಸಬೇಕಾಗಿಲ್ಲ. ಕೊಯ್ಯುವಾಗ, ತೂತು ಹೊಡೆಯುವಾಗ ಕಲ್ಲಿನ ಮೇಲೆ ನೀರು ಹರಿಯುತ್ತಿದ್ದರೆ ಬಹುಪಾಲು ಪುಡಿ ಏಳುವುದಿಲ್ಲ. ಕೆಸರಾಗಿ ಕಾಲಡಿ ಹರಿದುಹೋಗುತ್ತದೆ.